ಇನ್ನೊಂದೇ ಒಂದು ಸುತ್ತು

ರಿಪೇರಿಗೆ ಬಂದ ಹಳೇ ಡ್ರಮ್ಮಿನ ಒದ್ದೆ ತೊಗಲಿನ ನಟ್ಟನಡುವೆ ಅಂಗೈಯಗಲದ ತಗ್ಗು ಬಿದ್ದಿದೆ. ನೆನೆಸಿ, ಕಬ್ಬಿಣದ ಬಳೆಗೆ ಸುತ್ತಿ, ಬಿಗಿದು, ನೆರಳಲ್ಲಿ ನಿಲ್ಲಿಸಿ ಇನ್ನೂ ನಾಲ್ಕು ಗಂಟೆ ಕಳೆದಿಲ್ಲ. ಅಷ್ಟರಲ್ಲಿ ಯಾರೋ ಪುಣ್ಯಾತ್ಮರು ‘ಹೆಂಗೆ ಕೇಳ್ತದೆ ನೋಡಣ’ ಅಂತ ಒಂದು ಏಟು ಬಿಟ್ಟು ಹೋಗಿದ್ದಾರೆ. ‘ಪಚಕ್’ ಅಂತ ಕೇಳಿರುತ್ತದೆ, ಇನ್ನೇನು? ಒದ್ದೆ ತೊಗಲಿಗೆ ಬರುವುದು ಅದೊಂದೇ ಸ್ವರ. ಮೈಸೂರಿನ ಯಾವ ಬೀದಿಯಲ್ಲಾದರೂ ಸರಿ, ಜಗಲಿ ಮೇಲೆ ಒಂದು ಡ್ರಮ್ಮು ಇಟ್ಟು ನೋಡಿ. ಹಾಲಿನವರು, ಪೇಪರ್ ಹುಡುಗ, ಸಿಲಿಂಡರ್ ಇಳಿಸುವವರು, ಮೀಟರ್ ನೋಡಲು ಬಂದವರು, ಒಬ್ಬರೂ ಅದನ್ನು ತಟ್ಟದೆ ಗೇಟು ದಾಟುವುದಿಲ್ಲ. ದೇವರಾಜ ಮಾರುಕಟ್ಟೆಯಲ್ಲಿ ಕಲ್ಲಂಗಡಿ ತಟ್ಟಿ ತಟ್ಟಿ ಪಳಗಿದ ಕೈಗಳು, ಏನು ಮಾಡೋದು.

ಡ್ರಮ್ಮು ಅಂದರೆ ಕಾಂಗಾ, ಕೈಯಲ್ಲೇ ಬಾರಿಸುವ ಎತ್ತರದ್ದು. ನಮ್ಮ ಆರ್ಕೆಸ್ಟ್ರಾದವರ ಬಾಯಲ್ಲಿ ‘ತುಂಬಾ’. ಕ್ಯೂಬಾದವರ ‘ತುಂಬಾದೋರಾ’ ಅನ್ನುವ ಹೆಸರಿನ ಮೋಟು ರೂಪ ಅದು. ಕನ್ನಡಕ್ಕೆ ಬಂದ ಮೇಲೆ ಇದರಿಂದ ಆಗಿರುವ ಗೊಂದಲ ಅಷ್ಟಿಷ್ಟಲ್ಲ. ‘ಸಾರ್, ನಮ್ ತುಂಬಾ ತುಂಬಾ ಹಾಳಾಗೋಗಿದೆ’ ಅಂತ ಮಂಡ್ಯದಿಂದ ಫೋನು ಬಂದರೆ, ಮಾತಾಡುತ್ತಿರುವವರು ತೊದಲುತ್ತಿಲ್ಲ ಅಂತ ಅರ್ಥಮಾಡಿಕೊಳ್ಳಬೇಕು. ಸಾಮಾನ್ಯವಾಗಿ ಸಿಗುವುದು ಮೂರು ಅಳತೆ: ಬಾಯಿ 11 ಇಂಚಿದ್ದರೆ ಕಿಂಟೋ, 11¾ ಇದ್ದರೆ ಕಾಂಗಾ, 12½ ಇದ್ದರೆ ತುಂಬಾ. ಎತ್ತರ ಹೆಚ್ಚುಕಮ್ಮಿ 28ರಿಂದ 30 ಇಂಚು. ಅಟ್ಟದಿಂದ ಇಳಿದು ಬರುವಾಗ ಮೂರರ ಹೊಟ್ಟೆಯೊಳಗೂ ಇರುವುದು ಒಂದೇ: ಹಳೇ ಕ್ಯಾಲೆಂಡರು, ಜಿರಲೆ, ಒಂಟಿ ಚಪ್ಪಲಿ.

ಮೊದಲ ಕೆಲಸ ಬಿಚ್ಚುವುದು. ಬಿಚ್ಚುವ ಮುಂಚೆ ತೊಗಲಿನ ಮೇಲಿನ ರಿಂಗನ್ನು ಕೆಳಕ್ಕೆ ಎಳೆದು ಹಿಡಿಯುವ ಪ್ರತಿ ಕೊಕ್ಕೆಗೂ ಅದು ಕೂತಿದ್ದ ಲೋಹದ ಪಟ್ಟಿಗೂ ಒಂದೇ ನಂಬರು ಹಾಕಬೇಕು. ಮೂವತ್ತು ವರ್ಷ ಜೊತೆಗಿದ್ದು ಒಂದಕ್ಕೊಂದು ಸವೆದು ಹೊಂದಿಕೊಂಡಿರುತ್ತವೆ, ಜೋಡಿ ಬದಲಾಯಿಸಿದರೆ ಜಗಳವಾಡುತ್ತವೆ. ನಟ್ಟು ತುಕ್ಕು ಹಿಡಿದಿದ್ದರೆ ಎಣ್ಣೆ ಬಿಟ್ಟು ರಾತ್ರಿಯಿಡೀ ಸುಮ್ಮನಿರಬೇಕು. ಸುಮ್ಮನಿರುವುದೇ ಈ ಕಸುಬಿನಲ್ಲಿ ಮುಕ್ಕಾಲು ಪಾಲು. ಆಮೇಲೆ ಕಳೆದುಹೋದ ನಟ್ಟಿನ ಸಮಸ್ಯೆ. ಕಾಂಗಾ ಮಾಡುವ ಅಮೆರಿಕದ ಕಂಪನಿಗಳಲ್ಲಿ ಲಾಸ್ ಏಂಜಲೀಸಿನ ಗಾನ್ ಬಾಪ್ಸ್ ಶುರುವಾದದ್ದು 1954ರಲ್ಲಿ, ಮಾರ್ಟಿನ್ ಕೊಹೆನ್ ಅವರ ಲ್ಯಾಟಿನ್ ಪರ್ಕಷನ್ 1964ರಲ್ಲಿ. ಅಮೆರಿಕ ಇಂಚಿನ ದೇಶ, ಹಾಗಾಗಿ ಅಲ್ಲಿನ ಹಳೇ ಡ್ರಮ್ಮುಗಳಲ್ಲಿ ಇಂಚಿನ ಮರೆಯೇ (ನಟ್ಟು ಬೋಲ್ಟಿನ ಥ್ರೆಡ್ಡು) ಹೆಚ್ಚು. ನಮ್ಮ ಹಾರ್ಡ್‌ವೇರ್ ಅಂಗಡಿಯಲ್ಲಿ ಕೈಗೆ ಸಿಗುವುದು ಮಿಲಿಮೀಟರು. 5/16 ಇಂಚಿನ ಬೋಲ್ಟಿನ ದಪ್ಪ 7.94 ಮಿ.ಮೀ., ಪಕ್ಕದಲ್ಲಿಟ್ಟರೆ 8 ಮಿ.ಮೀ. ಬೋಲ್ಟಿನ ಅವಳಿ ಜವಳಿ. ಅದಕ್ಕೆ 8ರ ನಟ್ಟು ಹಾಕಿದರೆ ಒಂದೆರಡು ಸುತ್ತು ನಗುನಗುತ್ತಾ ಹೋಗುತ್ತದೆ. ಮರೆಗಳ ನಡುವಿನ ಅಂತರ ಒಂದರದ್ದು 1.41 ಮಿ.ಮೀ., ಇನ್ನೊಂದರದ್ದು 1.25. ಮೂರನೇ ಸುತ್ತಿಗೆ ಕಚ್ಚಿಕೊಂಡು ನಿಲ್ಲುತ್ತದೆ. ಅಂಗಡಿಯವರು ಮಾತ್ರ ‘ಹೋಗುತ್ತೆ ಬಿಡಿ ಸಾರ್, ಸ್ವಲ್ಪ ಜೋರಾಗಿ ತಿರುಗಿಸಿ’ ಅನ್ನುತ್ತಾರೆ. ಹೋಗುವುದು ಮರೆ.

ಮರದ ಮೈಗೆ ಬರೋಣ. ಪೀಪಾಯಿಯ ಹಾಗೆ ಉದ್ದನೆಯ ಪಟ್ಟಿಗಳನ್ನು ಅಂಟಿಸಿ ಮಾಡಿದ ಮೈ ಇದು. ಮೈಸೂರಿನ ಬಿರುಬೇಸಗೆಯಲ್ಲಿ ಶೀಟಿನ ಮನೆಯ ಅಟ್ಟದ ಮೇಲಿದ್ದರೆ ಪಟ್ಟಿಗಳ ನಡುವೆ ಬಿರುಕು ಬಿಡದೆ ಇರುವುದಿಲ್ಲ. ಬಿರುಕಿಗೆ ನೇರ ಫೆವಿಕಾಲ್ ಸುರಿಯುವವರೇ ಜಾಸ್ತಿ. ಹಳೇ ಅಂಟಿನ ಮೇಲೆ ಹೊಸ ಅಂಟು ಹಿಡಿಯುವುದಿಲ್ಲ. ತೆಳು ಬ್ಲೇಡಿನಿಂದ ಹಳೆಯದನ್ನು ಕೆರೆದು, ಬೆಚ್ಚಗಿನ ನೀರಿನ ಬಟ್ಟೆಯಲ್ಲಿ ಒರೆಸಿ, ಒಣಗಿಸಿ, ಆಮೇಲೆ ಅಂಟು. ಬಿಗಿಯಲು ಲಾರಿಯವರು ಲೋಡು ಕಟ್ಟುವ ರಾಚೆಟ್ ಬೆಲ್ಟು ಮೇಲೊಂದು, ನಡುವೊಂದು, ಕೆಳಗೊಂದು. ಅದಿಲ್ಲದಿದ್ದರೆ ಹಳೇ ಸೈಕಲ್ ಟ್ಯೂಬನ್ನು ಉದ್ದಕ್ಕೆ ಸೀಳಿ ಎಳೆದೆಳೆದು ಸುತ್ತಿ. ದುಂಡನೆ ಮೈಗೆ ಅದರಷ್ಟು ಸಮವಾಗಿ ಒತ್ತುವ ಕ್ಲಾಂಪು ಇಲ್ಲ. 24 ಗಂಟೆ ಮುಟ್ಟಬಾರದು. ಕಡ್ಡಿ ತೂರುವಷ್ಟು ಅಗಲದ ಬಿರುಕಿಗೆ ಮರದ ಪುಡಿ, ಅಂಟು ಕಲಸಿ ಮೆತ್ತುವುದು ಬರೀ ಅಲಂಕಾರ. ಅಲ್ಲಿಗೆ ಅದೇ ಜಾತಿಯ ಮರದ ಸಣ್ಣ ಸೀಳನ್ನೇ ಕೂರಿಸಬೇಕು. ಪಾಲಿಶ್ ಬಗ್ಗೆ ಜಾಸ್ತಿ ಹೇಳುವುದಿಲ್ಲ: ಒಂದು ಲೀಟರ್ ಸ್ಪಿರಿಟ್ಟಿಗೆ 200ರಿಂದ 250 ಗ್ರಾಂ ಅರಗಿನ ಚಕ್ಕೆ, ತೆಳುವಾಗಿ ಐದಾರು ಕೈ, ಮಳೆ ಹನಿಯುವ ದಿನ ಬೇಡ, ಬೆಳ್ಳಗೆ ಮಂಜು ಕವಿದ ಹಾಗಾಗುತ್ತದೆ. ಕ್ರೋಮ್ ರಿಂಗಿನ ಮೇಲಿನ ತುಕ್ಕಿಗೆ ಅಡುಗೆಮನೆಯ ಅಲ್ಯೂಮಿನಿಯಂ ಹಾಳೆಯನ್ನು ಮುದುರಿ, ನೀರಲ್ಲಿ ಅದ್ದಿ ತಿಕ್ಕಿ. ಹುಣಸೆಹಣ್ಣನ್ನು ಹಿತ್ತಾಳೆಗೂ ಸಾರಿಗೂ ಬಿಟ್ಟುಬಿಡಿ.

ಬಾಯಿಯ ಅಂಚು ಸಮ ಇದೆಯೋ ಇಲ್ಲವೋ ಅನ್ನುವುದನ್ನು ಕಣ್ಣು ಹೇಳುವುದಿಲ್ಲ. ಗ್ರಾನೈಟ್ ಚಪ್ಪಡಿಯ ಮೇಲೆ ಡ್ರಮ್ಮನ್ನು ಬೋರಲು ಹಾಕಿ, ಒಳಗೆ ಟಾರ್ಚು ಹಚ್ಚಿ, ಲೈಟು ಆರಿಸಿ ನೋಡಿ. ಬೆಳಕು ಸೋರಿದ ಕಡೆ ಅಂಚು ತಗ್ಗು. ಅದೇ ಚಪ್ಪಡಿಗೆ 80 ನಂಬರಿನ ಉಪ್ಪುಕಾಗದ ಅಂಟಿಸಿ, ಅಂಚಿನ ಸುತ್ತ ಪೆನ್ಸಿಲ್ ಗೀಟು ಎಳೆದು, ಗೀಟು ಎಲ್ಲ ಕಡೆ ಒಂದೇ ಸಮ ಅಳಿಸುವ ತನಕ ಡ್ರಮ್ಮನ್ನು ತಿರುಗಿಸಿ ತಿರುಗಿಸಿ ಉಜ್ಜಬೇಕು. ಆಮೇಲೆ ಅಂಚನ್ನು ದುಂಡಗೆ ಮಾಡಿ. ಚೂಪು ಬಿಟ್ಟರೆ ತೊಗಲು ಕತ್ತರಿಸುತ್ತದೆ. ಈ ಕೆಲಸಕ್ಕೆ ಊರಲ್ಲಿ ಸುಲಭವಾಗಿ ಸಿಗುವ ಗ್ರಾನೈಟ್ ಯಾವುದು, ಅದರ ಮೇಲೆ ಆ ಹೊತ್ತಿನಲ್ಲಿ ಚಪಾತಿ ಲಟ್ಟಿಸುತ್ತಿರುವವರು ಯಾರು ಅನ್ನುವುದನ್ನು ಬಿಡಿಸಿ ಹೇಳಬೇಕಿಲ್ಲ.

ತೊಗಲು. ಮೃದಂಗ, ತಬಲಾ ರಿಪೇರಿಯವರ ಹತ್ತಿರ ಇರುವ ಮೇಕೆ ತೊಗಲು ತೆಳು. ಚಪ್ಪಲಿಗೆ ಹದ ಮಾಡಿದ ಚರ್ಮ ಹಾಕಿದರೆ ಡ್ರಮ್ಮು ದಿಂಬಿನ ಹಾಗೆ ‘ದಪ್’ ಅನ್ನುತ್ತದೆ. ಬೇಕಾದದ್ದು ಸುಣ್ಣದಲ್ಲಿ ಕೂದಲು ತೆಗೆದು ಹಾಗೇ ಒಣಗಿಸಿದ, ಹದ ಮಾಡದ ಎಮ್ಮೆ ತೊಗಲು, 2ರಿಂದ 3 ಮಿ.ಮೀ. ದಪ್ಪದ್ದು. ಕಬ್ಬಿಣದ ಬಳೆಯನ್ನು ವೆಲ್ಡಿಂಗ್ ಶಾಪಿನಲ್ಲಿ ಮಾಡಿಸುವಾಗ ಅದರ ಒಳಬಾಯಿ ಡ್ರಮ್ಮಿನ ಹೊರಬಾಯಿಗಿಂತ 6ರಿಂದ 8 ಮಿ.ಮೀ. ದೊಡ್ಡದಿರಲಿ, ಎರಡು ಕಡೆಯ ತೊಗಲಿನ ದಪ್ಪಕ್ಕೂ ಜಾಗ ಬೇಕಲ್ಲ. ಬೆಸುಗೆಯ ಗಂಟನ್ನು ಅಲ್ಲೇ ನಿಂತು ಉಜ್ಜಿಸಿಕೊಳ್ಳಿ.

ತೊಗಲು ನೆನೆಯಬೇಕಾದದ್ದು ತಣ್ಣೀರಲ್ಲಿ, 12ರಿಂದ 24 ಗಂಟೆ. ಬಿಸಿನೀರು ಹಾಕಿದರೆ ಬೇಗ ನೆನೆಯುವುದಿಲ್ಲ, ಬೇಯುತ್ತದೆ; ಮುದುಡಿ ಹಪ್ಪಳವಾಗುತ್ತದೆ. ಒಂದೂವರೆ ಅಡಿ ಅಗಲದ ತೊಗಲು ಬಕೆಟ್ಟಿನೊಳಗೆ ಮಡಿಚದೆ ಹಿಡಿಯುವುದಿಲ್ಲವಾದ್ದರಿಂದ ಬಟ್ಟೆ ಒಗೆಯುವ ಬೇಸನ್ನು ಬೇಕು. ಆ ಬೇಸನ್ನು ಮತ್ತೆ ಬಟ್ಟೆಯ ಸೇವೆಗೆ ಮರಳುವುದಿಲ್ಲ. ವಾಸನೆ ಎರಡನೇ ಮನೆಯ ತನಕ ಹೋಗುತ್ತದೆ, ಬೀದಿಯ ನಾಯಿಗಳೆಲ್ಲ ಗೇಟಿನ ಮುಂದೆ ಸಾಲಾಗಿ ಕೂರುತ್ತವೆ. ಒಂದೂ ಬೊಗಳುವುದಿಲ್ಲ. ಕಛೇರಿ ಶುರುವಾಗುವುದನ್ನು ಕಾಯುವ ಸಭಿಕರ ಹಾಗೆ ಗಂಭೀರವಾಗಿರುತ್ತವೆ.

ಇನ್ನು ಬಿಗಿಯುವುದು. ಇಲ್ಲೇ ಪ್ರತಿ ಬೀದಿಯಲ್ಲೂ ಇರುವ ಆ ವ್ಯಕ್ತಿಯ ಪ್ರವೇಶ. ನಿವೃತ್ತರು, ಬೆಳಗಿನ ವಾಕಿಂಗ್ ಮುಗಿಸಿದವರು, ಕೈ ಖಾಲಿ ಇರುವವರು. ನಮ್ಮ ಬೀದಿಯಲ್ಲಿ ಎಲ್ಲರಿಗೂ ಅವರು ‘ಮೇಷ್ಟ್ರು’. ಅವರ ಕಣ್ಣಿಗೆ ಸ್ಪ್ಯಾನರ್ ಬೀಳಬಾರದು. ಬಿತ್ತೋ, ‘ಕೊಡೀಪ್ಪಾ ಇಲ್ಲಿ, ಇನ್ನೊಂದೇ ಒಂದು ಸುತ್ತು.’ ನಲ್ಲಿಯಿಂದ ಹಿಡಿದು ಪ್ರೆಶರ್ ಕುಕ್ಕರಿನ ಹಿಡಿಯ ತನಕ ಲೋಕದಲ್ಲಿರುವುದೆಲ್ಲವೂ ಒಂದು ಸುತ್ತು ಸಡಿಲವಾಗಿದೆ ಅನ್ನುವುದು ಅವರ ದೃಢ ನಂಬಿಕೆ. ನಲ್ಲಿ ಅವರು ಮುಟ್ಟಿದ ಮೇಲೆಯೇ ತೊಟ್ಟಿಕ್ಕಲು ಶುರುವಾದದ್ದು, ಆ ಮಾತು ಬೇರೆ.

ಒದ್ದೆ ತೊಗಲಿಗೆ ‘ಒಂದು ಸುತ್ತು’ ಅನ್ನುವುದು ವಿಷ. ಐದು ಕೊಕ್ಕೆ ಇದ್ದರೆ 1, 3, 5, 2, 4, ಆರಿದ್ದರೆ ಎದುರುಬದುರು. ಒಂದು ಸಲಕ್ಕೆ ಕಾಲು ಸುತ್ತು, ಹೆಚ್ಚೆಂದರೆ ಅರ್ಧ. ಪ್ರತಿ ಸರದಿ ಮುಗಿದ ಮೇಲೂ ಅಂಚಿನಿಂದ ರಿಂಗಿನ ತನಕ ಸ್ಕೇಲಿಟ್ಟು ಅಳೆಯಬೇಕು, ಎಲ್ಲ ಕಡೆ 1–2 ಮಿ.ಮೀ.ಗಿಂತ ವ್ಯತ್ಯಾಸ ಇರಬಾರದು. ರಿಂಗು ಅಂಚಿಗಿಂತ ಅರ್ಧ ಇಂಚು ಕೆಳಗೆ ಬಂದರೆ ಸಾಕು, ನಿಲ್ಲಿಸಿ. ಒಣಗುವಾಗ ತೊಗಲೇ ಬಿಗಿದುಕೊಳ್ಳುತ್ತದೆ, ಶ್ರುತಿ ಮಾಡುವಾಗ ರಿಂಗು ಇನ್ನೂ ಇಳಿಯುತ್ತದೆ. ಈಗಲೇ ಒಂದೂವರೆ ಇಂಚು ಎಳೆದರೆ ಆಮೇಲೆ ಎಳೆಯಲು ಏನೂ ಉಳಿದಿರುವುದಿಲ್ಲ. ಇದನ್ನೆಲ್ಲ ಮೇಷ್ಟ್ರಿಗೆ ವಿವರಿಸಿದರೆ ಸಾವಧಾನವಾಗಿ ಕೇಳುತ್ತಾರೆ, ತಲೆ ಆಡಿಸುತ್ತಾರೆ, ‘ಕರೆಕ್ಟು, ಕರೆಕ್ಟು’ ಅನ್ನುತ್ತಾರೆ. ಕಾಫಿ ತರಲು ಒಳಗೆ ಹೋಗಿ ಬರುವಷ್ಟರಲ್ಲಿ ಮೂರನೇ ಕೊಕ್ಕೆಗೆ ಮೂರು ಸುತ್ತು ಬಿದ್ದಿರುತ್ತದೆ. ರಿಂಗು ಒಂದು ಕಡೆಗೆ ವಾಲಿ, ಡ್ರಮ್ಮು ಟೋಪಿ ಓರೆಮಾಡಿಕೊಂಡ ಪುಢಾರಿಯ ಹಾಗೆ ನಿಂತಿರುತ್ತದೆ. ಆ ಕಡೆ ಹಿಗ್ಗಿದ ತೊಗಲು ಹಾಗೇ ಒಣಗಿದರೆ ಇಳಿದ ಶ್ರುತಿ ಜನ್ಮಕ್ಕೆ ಏರುವುದಿಲ್ಲ. ಸರಿಮಾಡಬೇಕೆಂದರೆ ಬಿಚ್ಚಿ, ಮತ್ತೆ ಬೇಸನ್ನು, ಮತ್ತೆ ನಾಯಿಗಳು. ಮೇಷ್ಟ್ರು ಕಾಫಿ ಗುಟುಕರಿಸುತ್ತಾ, ‘ಇದಕ್ಕೆ ಕರಣೆ ಯಾವಾಗ ಹಾಕ್ತೀರಿ?’ ಅಂತ ಕೇಳುತ್ತಾರೆ. ಕರಣೆ ಅಂದರೆ ಮೃದಂಗ, ತಬಲಾದ ತೊಗಲಿನ ಮೇಲಿನ ಕಪ್ಪು ಲೇಪ, ಕಾಂಗಾಕ್ಕೆ ಅದು ಇಲ್ಲ ಮೇಷ್ಟ್ರೇ ಅಂದರೆ, ‘ಅದಕ್ಕೇ ಒಂದ್ ಸುತ್ತು ಜಾಸ್ತಿ ಬೇಕು’ ಅನ್ನುತ್ತಾರೆ.

ಕೊಕ್ಕೆ, ನಟ್ಟು ಬರುವ ಮುಂಚೆ ಕಾಂಗಾಕ್ಕೂ ತೊಗಲನ್ನು ಮೊಳೆ ಹೊಡೆದೇ ಕೂರಿಸುತ್ತಿದ್ದರು, ಸಡಿಲವಾದರೆ ಬೆಂಕಿಗೆ ಹಿಡಿದು ಕಾಯಿಸುತ್ತಿದ್ದರು. ಮಂಡ್ಯದ ಕಡೆ ಹಬ್ಬದಲ್ಲಿ ತಮಟೆಯವರು ಹುಲ್ಲಿಗೆ ಬೆಂಕಿ ಹಾಕಿ ಕಾಯಿಸಿಕೊಳ್ಳುವ ಹಾಗೆಯೇ. ಗಣೇಶನ ಪೆಂಡಾಲಿನಲ್ಲಿ ಆರ್ಕೆಸ್ಟ್ರಾ ಅಂದರೆ ಬಲಗಡೆ ಎರಡು ತುಂಬಾ ನಿಂತಿರಲೇಬೇಕಿದ್ದ ಕಾಲವಿತ್ತು. ಸಂಜೆಯ ತಂಪಿಗೆ ಶ್ರುತಿ ಇಳಿದರೆ ನುಡಿಸುವವರು ಹಾಡಿನ ನಡುವೆಯೇ ಬಗ್ಗಿ ಕಾಲು ಸುತ್ತು ಏರಿಸುತ್ತಿದ್ದರು, ಯಾರ ಗಮನಕ್ಕೂ ಬಾರದ ಹಾಗೆ. ಈಗ ಆ ಜಾಗದಲ್ಲಿ ಒಂದು ಎಲೆಕ್ಟ್ರಾನಿಕ್ ಪ್ಯಾಡು ಇರುತ್ತದೆ. ಶ್ರುತಿ ಇಳಿಯುವುದಿಲ್ಲ, ನಾಯಿ ಬರುವುದಿಲ್ಲ, ಗುಂಡಿ ಒತ್ತಿದರೆ ತುಂಬಾ ಕೇಳುತ್ತದೆ. ಅಟ್ಟದಿಂದ ಇಳಿದವುಗಳಲ್ಲಿ ಒಂದರ ಮೇಲೆ ತುಳಸಿ ಕುಂಡದ ದುಂಡನೆ ಕಲೆ ಇತ್ತು. ಎಷ್ಟು ಉಜ್ಜಿದರೂ ಪೂರ್ತಿ ಹೋಗಲಿಲ್ಲ. ಹೋಗದಿದ್ದರೂ ಇರಲಿ ಅಂತ ಅದರ ಮೇಲೇ ಪಾಲಿಶ್ ಹಚ್ಚಿದ್ದಾಗಿದೆ.

ತಗ್ಗು ಬಿದ್ದ ತೊಗಲು ಮತ್ತೆ ತಣ್ಣೀರಿಗೆ ಇಳಿದಿದೆ. ಗೇಟಿನಾಚೆ ಆಗಲೇ ನಾಲ್ಕು ನಾಯಿ. ಬಿಗಿದ ಮೇಲೆ ಎರಡು ದಿನ ನೆರಳಲ್ಲಿ ಒಣಗಬೇಕು, ಮೋಡ ಮುಚ್ಚಿದ್ದರೆ ನಾಲ್ಕು. ಅರ್ಧ ಇಂಚಿನ ಸ್ಪ್ಯಾನರನ್ನು ರಾಗಿ ಡಬ್ಬದ ತಳದಲ್ಲಿ ಹೂತಿಟ್ಟಿದೆ. ಮೇಷ್ಟ್ರು ಎರಡು ಸಲ ಬಂದು ಹೋದರು. ಮೂರನೇ ಸಲ ಬರುವಾಗ ಮನೆಯಿಂದ 13 ಮಿ.ಮೀ.ನ ಸ್ಪ್ಯಾನರ್ ತಂದಿದ್ದಾರೆ, ಅರ್ಧ ಇಂಚು ಅಗಲದ ನಟ್ಟಿಗೆ ಅದು ಕೂದಲೆಳೆಯಷ್ಟು ಸಡಿಲ, ಜೋರಾಗಿ ತಿರುಗಿಸಿದರೆ ಮೂಲೆಗಳು ಸವೆದು ನಟ್ಟು ಗೋಲಿಯಾಗುತ್ತದೆ. ‘ನಿಮ್ಮದು ಎಲ್ಲೋ ಕಳೆದೋಗಿರಬೇಕು, ಅದಕ್ಕೇ ತಂದೆ’ ಅನ್ನುತ್ತಿದ್ದಾರೆ, ಬಾಗಿಲಲ್ಲೇ ಚಪ್ಪಲಿ ಬಿಡುತ್ತಾ.