ಆಫೀಸಿನ ನೆಟ್‌ವರ್ಕಿಗೂ ಒಬ್ಬ ನೀರುಗಂಟಿ ಬೇಕು

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಅಪ್‌ಡೇಟ್ ನಿಂತಿತು. ಅಲ್ಲಿಂದೀಚೆಗೆ ಮಂಡ್ಯ, ಮೈಸೂರಿನ ಸಣ್ಣ ಆಫೀಸುಗಳಿಗೆ ರಿಪೇರಿಗೆ ಹೋದರೆ ಎಲ್ಲ ಕಡೆ ಒಂದೇ ಮಾತು. "ಹೊಸ ಕಂಪ್ಯೂಟರ್ ತಗೊಳ್ಳೋಣ್ವಾ, ಇಲ್ಲ ಲಿನಕ್ಸ್ ಹಾಕಿಬಿಡೋಣ್ವಾ ಸಾರ್?" ಲಿನಕ್ಸ್ ಅಂದರೆ ವಿಂಡೋಸ್ ಬದಲಿಗೆ ಹಾಕಬಹುದಾದ ಪುಕ್ಕಟೆ ಓಎಸ್, ಅಂದರೆ ಕಂಪ್ಯೂಟರನ್ನು ನಡೆಸೋ ಮೂಲ ಸಾಫ್ಟ್‌ವೇರ್.

ಕೇಳಬೇಕಾದ್ದೇ. ಆದರೆ ಅದಕ್ಕೂ ಮುಂಚೆ ಕೇಳಬೇಕಾದ್ದನ್ನು ಯಾರೂ ಕೇಳಲ್ಲ. ಈ ಕಂಪ್ಯೂಟರುಗಳನ್ನು ನೋಡಿಕೊಳ್ಳೋರು ಯಾರು?

ಅಂಗಡಿಯವರು ಹೊಸದೇ ತಗೊಳ್ಳಿ ಅಂತಾರೆ. ಅದು ಅವರ ವ್ಯಾಪಾರ, ತಪ್ಪೇನಿಲ್ಲ. ವಿಂಡೋಸ್ 11ಕ್ಕೆ ಟಿಪಿಎಂ 2.0 ಅನ್ನೋ ಭದ್ರತೆಯ ಚಿಪ್ ಬೇಕು, ಇಂಟೆಲ್ ಆದರೆ ಹೆಚ್ಚುಕಡಿಮೆ ಎಂಟನೇ ತಲೆಮಾರಿನ ಪ್ರೊಸೆಸರ್ ಬೇಕು. 2016ರಲ್ಲಿ ಕೊಂಡು ಇವತ್ತಿಗೂ ಚೆನ್ನಾಗಿ ಓಡುತ್ತಿರುವ ಮೆಷಿನ್ ಈ ಲೆಕ್ಕದಲ್ಲಿ ಗುಜರಿ. ದುಡ್ಡು ಕಟ್ಟಿದರೆ ಸಂಸ್ಥೆಗಳಿಗೆ ವಿಂಡೋಸ್ 10ಕ್ಕೇ ಆ ಅಕ್ಟೋಬರ್‌ನಿಂದ ಮೂರು ವರ್ಷದವರೆಗೆ ಅಪ್‌ಡೇಟ್ ಸಿಗುತ್ತೆ. ಮೆಷಿನ್ ಒಂದಕ್ಕೆ ಮೊದಲ ವರ್ಷ 61 ಡಾಲರ್, ಆಮೇಲೆ ವರ್ಷ ವರ್ಷ ಡಬಲ್. ಬೆಲ್ಲದ ಮಂಡಿಯವರಿಗೆ ಇದನ್ನು ಹೇಳಿದರೆ ನಕ್ಕುಬಿಡ್ತಾರೆ.

ಇನ್ನು ಲಿನಕ್ಸ್. ಮನೆಯಲ್ಲಿ ನಾನು ಬಳಸೋದು ಅದೇ, ಅಭಿಮಾನವೂ ಜಾಸ್ತಿ. ಆದರೆ ಲೆಕ್ಕ ಬರೆಯೋ ಟ್ಯಾಲಿ ಸಾಫ್ಟ್‌ವೇರ್ ವಿಂಡೋಸ್‌ಗೆ ಅಂತ ಮಾಡಿದ್ದು. ಡಿಜಿಟಲ್ ಸಹಿಗೆ ಯುಎಸ್‌ಬಿಗೆ ಸಿಕ್ಕಿಸೋ ಡಾಂಗಲ್ ಒಂದೊಂದು ಸಲ ವಿಂಡೋಸ್‌ನಲ್ಲೇ ಆಟ ಆಡಿಸುತ್ತೆ. ಇವೆರಡಕ್ಕಿಂತ ದೊಡ್ಡ ಕಗ್ಗಂಟು ಕನ್ನಡ ಟೈಪಿಂಗಿನ 'ನುಡಿ' ಸಾಫ್ಟ್‌ವೇರಿನಲ್ಲಿ ಮಾಡಿದ ನಮ್ಮ ಹಳೇ ಫೈಲುಗಳು. ವರ್ಷಗಟ್ಟಲೆಯ ನಡಾವಳಿ, ನೋಟಿಸು, ಸಾಲದ ಪತ್ರ ಎಲ್ಲ ಅದರಲ್ಲೇ ಇವೆ. ಆ ಫೈಲಿನ ಒಳಗೆ ಕನ್ನಡ ಅಕ್ಷರ ಇರೋದೇ ಇಲ್ಲ. ಇಂಗ್ಲಿಷ್ ಅಕ್ಷರಗಳ ಸಂಕೇತ ಇರುತ್ತೆ, ಫಾಂಟು ಅದನ್ನು ಕನ್ನಡದ ಹಾಗೆ ತೋರಿಸುತ್ತೆ. ಫಾಂಟ್ ಇಲ್ಲದ ಮೆಷಿನ್‌ನಲ್ಲಿ ತೆರೆದರೆ ಅರ್ಥವಿಲ್ಲದ ಗುರುತುಗಳ ಸಾಲು. ಅದನ್ನು ಯೂನಿಕೋಡ್‌ಗೆ, ಅಂದರೆ ಕನ್ನಡಕ್ಕೆ ತನ್ನದೇ ಸಂಕೇತ ಇರೋ ಪದ್ಧತಿಗೆ, ಬದಲಾಯಿಸೋ ಕನ್ವರ್ಟರ್‌ಗಳಿವೆ. ಆದರೆ ಅರ್ಕಾವತ್ತು, ಒತ್ತಕ್ಷರ ಎಲ್ಲಾದರೂ ತಪ್ಪಿದೆಯಾ ಅಂತ ಒಬ್ಬರು ಕೂತು ನೋಡಬೇಕಲ್ವಾ? ಆ ಒಬ್ಬರು ಯಾರು ಅನ್ನೋದೇ ತಕರಾರು.

ಮಂಡ್ಯದ ಒಂದು ಸೊಸೈಟಿ. ಬೆಳಿಗ್ಗೆ ಹತ್ತೂವರೆಗೆ ಫೋನು. "ಅದೇನೋ ಅಪ್‌ಡೇಟ್ ಬಂತು ಕಣಣ್ಣ, ಎಲ್ಲಾ ನಿಂತೋಯ್ತು." ಹೋದೆ. ಕೌಂಟರ್ ಮುಂದೆ ಪಿಂಚಣಿ ದುಡ್ಡಿಗೆ ಬಂದ ಅಜ್ಜಂದಿರು. ಇಂಟರ್ನೆಟ್ ಇಲ್ಲ, ಪ್ರಿಂಟರ್ ಇಲ್ಲ, ಒಂದು ಮೆಷಿನ್‌ಗೆ ಇನ್ನೊಂದು ಕಾಣುತ್ತಿಲ್ಲ. ಎಲ್ಲ ಮೆಷಿನ್‌ಗಳ ಕೇಬಲ್ ಬಂದು ಸೇರೋ ನೆಟ್‌ವರ್ಕ್ ಸ್ವಿಚ್ಚು ಬೀರುವಿನ ಮೇಲೆ, ಹಳೇ ಕ್ಯಾಲೆಂಡರುಗಳ ಹಿಂದೆ. ಸ್ಟೂಲ್ ಹತ್ತಿ ನೋಡಿದರೆ ಎಲ್ಲ ದೀಪಗಳೂ ಒಟ್ಟಿಗೆ ಪಟಪಟ ಅಂತ ಬಡಿದುಕೊಳ್ಳುತ್ತಿವೆ. ಹಿಂದಿನ ಸಂಜೆ ಧೂಳು ಹೊಡೆದವರು ನೇತಾಡುತ್ತಿದ್ದ ಕೇಬಲ್ ಕಂಡು, ಪಾಪ ಬಿಚ್ಚಿಕೊಂಡಿದೆ ಅಂತ ಖಾಲಿ ತೂತಿಗೆ ಸಿಕ್ಕಿಸಿದ್ದಾರೆ. ಅದರ ಇನ್ನೊಂದು ತುದಿಯೂ ಅದೇ ಸ್ವಿಚ್ಚಿನಲ್ಲಿತ್ತು. ಹೋದ ಸಂದೇಶ ಸುತ್ತಿ ಬಂದು, ಮತ್ತೆ ಹೋಗಿ, ಇಡೀ ಆಫೀಸನ್ನೇ ಮುಳುಗಿಸಿತ್ತು. ಕೇಬಲ್ ಕಿತ್ತೆ. ಎಲ್ಲ ಸರಿಹೋಯಿತು.

ಹೀಗೆ ಸುತ್ತು ಬೀಳದ ಹಾಗೆ ತಡೆಯೋ ಸ್ಪ್ಯಾನಿಂಗ್ ಟ್ರೀ ಅನ್ನೋ ಉಪಾಯವನ್ನು ಅಮೆರಿಕದ ಕಂಪ್ಯೂಟರ್ ತಜ್ಞೆ ರೇಡಿಯಾ ಪರ್ಲ್‌ಮನ್ 1985ರಲ್ಲೇ ಕಂಡುಹಿಡಿದಿದ್ದಾರೆ. ಸಾವಿರ ರೂಪಾಯಿಯ ಸ್ವಿಚ್ಚಿನಲ್ಲಿ ಸಾಮಾನ್ಯವಾಗಿ ಅದು ಇರಲ್ಲ. ಅವತ್ತು ಆ ಮೆಷಿನ್‌ಗಳಲ್ಲಿ ವಿಂಡೋಸ್ ಇದ್ದರೂ ಒಂದೇ, ಲಿನಕ್ಸಿನದೇ ಒಂದು ಬಗೆಯಾದ ಉಬುಂಟು ಇದ್ದರೂ ಒಂದೇ. ಕೆಲಸ ನಿಲ್ಲೋದು ನಿಲ್ಲುತ್ತಲೇ ಇತ್ತು.

ಇನ್ನೊಂದು ಕಡೆ ಜೆರಾಕ್ಸ್ ಮೆಷಿನ್ ಇತ್ತು. ಅದು ಸ್ಕ್ಯಾನ್ ಮಾಡಿದ್ದನ್ನು ಕಂಪ್ಯೂಟರಿನ ಫೋಲ್ಡರಿಗೆ ಕಳಿಸಬೇಕು. ಹಳೇ ಕಾಲದ್ದು, ಅದಕ್ಕೆ ಗೊತ್ತಿರೋದು ನೆಟ್‌ವರ್ಕಿನಲ್ಲಿ ಫೈಲ್ ಕಳಿಸೋ ಹಳೇ ವಿಧಾನ ಎಸ್‌ಎಂಬಿ 1 ಮಾತ್ರ. ಹಾಗಾಗಿ ಹೊಸ ವಿಂಡೋಸ್‌ನಲ್ಲೂ ಅದನ್ನು ಯಾರೋ ಆನ್ ಮಾಡಿಟ್ಟು ಹೋಗಿದ್ದರು. 2017ರ ಮೇ ತಿಂಗಳಲ್ಲಿ ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳೋ ವಾನಾಕ್ರೈ ವೈರಸ್ ಊರೂರು ಹಬ್ಬಿದ್ದು ಇದೇ ಬಾಗಿಲಿಂದ. ಆ ತೂತು ಮುಚ್ಚೋ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ಕೊಟ್ಟಿತ್ತು, ಹಾಕಿಕೊಳ್ಳದವರು ಸಿಕ್ಕಿಬಿದ್ದರು. ನಮ್ಮಲ್ಲಿ ಅಪ್‌ಡೇಟ್ ಆಫ್ ಮಾಡಿಸೋಕೇ ಜನ ನನ್ನನ್ನು ಕರೆಯುತ್ತಾರೆ! ಅಪ್‌ಡೇಟ್ ಕಂಡರೆ ಭಯ ಯಾಕೆ ಅಂತ ಅರ್ಥ ಆಗುತ್ತೆ. 2024ರ ಜುಲೈ 19ರಂದು ಕಂಪ್ಯೂಟರ್ ಭದ್ರತೆಯ ಕಂಪನಿ ಕ್ರೌಡ್‌ಸ್ಟ್ರೈಕ್ ಅಪ್‌ಡೇಟಿನಲ್ಲಿ ಕಳಿಸಿದ ಒಂದು ಕೆಟ್ಟ ಫೈಲಿನಿಂದ ಸುಮಾರು 85 ಲಕ್ಷ ವಿಂಡೋಸ್ ಮೆಷಿನ್‌ಗಳು ನೀಲಿ ಪರದೆ ತೋರಿಸಿ ಕೂತವು. ಆದರೆ ಅದಕ್ಕೆ ಮದ್ದು ಅಪ್‌ಡೇಟ್ ನಿಲ್ಲಿಸೋದಲ್ಲ. ಎಲ್ಲ ಕಡೆ ಒಟ್ಟಿಗೆ ಬಿಡದೆ ಮೊದಲು ಒಂದೆರಡು ಮೆಷಿನ್‌ಗೆ ಹಾಕಿ ನೋಡೋದು. ಅದಕ್ಕೂ ಆಳು ಬೇಕು.

ಲಿನಕ್ಸ್ ಅಂದಾಗ ಕೇರಳದ ಶಾಲೆಗಳ ಉದಾಹರಣೆ ಬರುತ್ತೆ. ನಿಜ, ಅಲ್ಲಿ ಗೆದ್ದಿದೆ. ಆದರೆ ಅಲ್ಲಿ 2001ರಲ್ಲಿ ಶುರುವಾದ ಐಟಿ ಅಟ್ ಸ್ಕೂಲ್ ಯೋಜನೆಯೇ ಬೆಳೆದು ಕೈಟ್ ಅನ್ನೋ ಸರ್ಕಾರಿ ಸಂಸ್ಥೆ ಆಗಿದೆ. ಮೇಷ್ಟ್ರುಗಳಿಗೆ ತರಬೇತಿ ಕೊಡುತ್ತಾರೆ, ಶಾಲೆಗೆ ಬೇಕಾದ ಹಾಗೆ ಓಎಸ್ ಅನ್ನು ತಾವೇ ಸಿದ್ಧ ಮಾಡುತ್ತಾರೆ. ಸುಮ್ನೆ ಡಿವಿಡಿ ಹಂಚಿ ಕೈತೊಳೆದುಕೊಂಡಿದ್ದಲ್ಲ.

ನಮ್ಮ ಕಡೆ ಎಲ್ಲರ ಲಾಗಿನ್ನೂ ಅಡ್ಮಿನಿಸ್ಟ್ರೇಟರ್, ಯಾರು ಬೇಕಾದರೂ ಏನು ಬೇಕಾದರೂ ಬದಲಾಯಿಸಬಹುದು. ರೌಟರ್ ಪಾಸ್‌ವರ್ಡ್ ಕೆಲಸ ಬಿಟ್ಟು ಹೋದ ಹುಡುಗನ ಹತ್ತಿರ. ಬ್ಯಾಕಪ್ ಅಂದರೆ ಅದೇ ಡಿಸ್ಕಿನ ಡಿ ಡ್ರೈವ್, ಡಿಸ್ಕು ಕೆಟ್ಟರೆ ಎರಡೂ ಹೋಯಿತು. ವಿಶ್ವೇಶ್ವರಯ್ಯ ನಾಲೆ ಬಯಲಿನವರಿಗೆ ಬಿಡಿಸಿ ಹೇಳಬೇಕಿಲ್ಲ. ನಾಲೆ ಎಷ್ಟೇ ಚೆನ್ನಾಗಿರಲಿ, ಯಾವ ತೂಬು ಯಾವಾಗ ಎತ್ತಬೇಕು, ಎಲ್ಲಿ ಸೋರುತ್ತಿದೆ ಅಂತ ನೋಡೋ ನೀರುಗಂಟಿ ಇಲ್ಲದಿದ್ದರೆ ಕೊನೇ ಗದ್ದೆಗೆ ನೀರು ಬರಲ್ಲ. ಕಂಪ್ಯೂಟರ್ ಕೊಳ್ಳೋಕೆ ಲಕ್ಷಗಟ್ಟಲೆ ಪಾಸ್ ಮಾಡೋ ಕಮಿಟಿ, ನೋಡಿಕೊಳ್ಳೋರಿಗೆ ತಿಂಗಳ ಸಂಬಳ ಅಂದ ತಕ್ಷಣ "ಕೆಟ್ಟಾಗ ಕರೀತೀವಿ ಬಿಡಿ" ಅನ್ನುತ್ತೆ. ಹೇಳ್ತಾ ಹೋದರೆ ನನ್ನ ಹೊಟ್ಟೆಪಾಡಿಗೇ ಕಲ್ಲು. ಕೆಟ್ಟಾಗ ಕರೆಯೋದರಿಂದಲೇ ನನ್ನ ಜೀವನ ನಡೆಯುತ್ತಿರೋದು.

ಒಂದೊಂದು ಆಫೀಸಿಗೆ ಒಬ್ಬೊಬ್ಬರನ್ನು ಇಡೋಕೆ ಆಗಲ್ಲ, ಒಪ್ಪುತ್ತೇನೆ. ನಾಲ್ಕೈದು ಆಫೀಸು ಸೇರಿ ಇಡಬಹುದು. ನಮ್ಮ ಡಿಪ್ಲೊಮಾ ಮಕ್ಕಳು ಬೆಳಗಾಗೆದ್ದು ರೈಲು ಹತ್ತಿ ಬೆಂಗಳೂರಿಗೆ ಹೋಗಿ ಮಾಡೋದು ಇದೇ ಕೆಲಸ. ಸದ್ಯ ಮಂಡ್ಯದಲ್ಲಿ ಎರಡು ಸೊಸೈಟಿ, ಒಂದು ಶಾಲೆ ಒಟ್ಟಿಗೆ ಸಂಬಳ ಕೊಡೋಕೆ ಅರೆಮನಸ್ಸಿನಲ್ಲಿ ಹೂಂ ಅಂದಿವೆ. ಗೊತ್ತಿರೋ ಹುಡುಗ ಹುಡುಗಿಯರು ಇದ್ದರೆ ಇನ್‌ಬಾಕ್ಸ್‌ಗೆ ತಿಳಿಸಿ. ಲಿನಕ್ಸ್ ಬಂದರೆ ಒಳ್ಳೇದು, ಬರದಿದ್ದರೆ ಕಲಿಸೋಣ. ಯಾವ ಕೇಬಲ್ ಎಲ್ಲಿಗೆ ಹೋಗಿದೆ ಅಂತ ನೋಟ್‌ಬುಕ್‌ನಲ್ಲಿ ಬರೆದಿಡೋ ತಾಳ್ಮೆ ಮಾತ್ರ ಇರಬೇಕು.