ಓಣಿ ದಾಟುವ ಸಂಘ

ವಿಜಯಪುರ, ಬಾಗಲಕೋಟೆ ಕಡೆಯ ಯಾವುದೇ ದೊಡ್ಡ ಹಳ್ಳಿಯಲ್ಲಿ ಸಂಘಗಳನ್ನು ಎಣಿಸಲು ಕೂತರೆ ಒಂದು ಕೈಯ ಬೆರಳು ಸಾಲುವುದಿಲ್ಲ. ಸ್ತ್ರೀಶಕ್ತಿ ಗುಂಪು, ಸ್ವಸಹಾಯ ಗುಂಪುಗಳ ಸಂಜೀವಿನಿ ಒಕ್ಕೂಟ, ಪಿಕೆಪಿಎಸ್ ಎಂಬ ಕೃಷಿ ಪತ್ತಿನ ಸಹಕಾರಿ ಸಂಘ, ಹಾಲಿನ ಡೇರಿ, ಶಾಲೆಯ ಉಸ್ತುವಾರಿ ನೋಡುವ ಎಸ್‌ಡಿಎಂಸಿ, ಯುವಕ ಮಂಡಳ, ಭಜನಾ ಮಂಡಳಿ, ಜಾತ್ರಾ ಕಮಿಟಿ, ಜತೆಗೆ ಹೆಣ್ಣುಮಕ್ಕಳ ಭಿಶಿ, ಅಂದರೆ ಚೀಟಿ ಗುಂಪು. ಆದರೂ ಮಗ-ಸೊಸೆ ಕಬ್ಬು ಕಡಿಯಲು ಹೋದ ಮೇಲೆ ಹಾಸಿಗೆ ಹಿಡಿದ ಮುದುಕಿಯ ಬಾಗಿಲು ತಟ್ಟುವವರು ಯಾರು ಎಂದು ಕೇಳಿದರೆ, ಇವುಗಳಲ್ಲಿ ಒಂದರ ರಿಜಿಸ್ಟರಿನಲ್ಲೂ ಉತ್ತರ ಸಿಗದು. ಕೇರಳದ ಕೋಝಿಕ್ಕೋಡಿನಲ್ಲಿ ಕೂತು ಊರಿನ ಕಡೆ ನೋಡಿದಾಗ ನನಗೆ ಅನಿಸುವುದು ಇಷ್ಟು: ನಮ್ಮಲ್ಲಿ ಸಂಘಗಳಿಗೆ ಬರವಿಲ್ಲ, ಅವುಗಳ ನಡುವೆ ಕೊಂಡಿ ಇಲ್ಲ.

ಕೇರಳದಲ್ಲಿ 1998ರಲ್ಲಿ ಆರಂಭವಾದ, ಬಡತನ ನೀಗಲು ಹೆಣ್ಣುಮಕ್ಕಳನ್ನು ಸಂಘಟಿಸುವ ಸರಕಾರಿ ಯೋಜನೆ ಕುಟುಂಬಶ್ರೀಯ ತಳಪಾಯ ‘ಅಯಲ್‌ಕೂಟ್ಟಂ’, ಅಂದರೆ ನೆರೆಕೂಟ. ಅಕ್ಕಪಕ್ಕದ 10ರಿಂದ 20 ಮನೆಗಳು, ಮನೆಗೊಬ್ಬ ಹೆಣ್ಣುಮಗಳು. ವಾರಕ್ಕೊಮ್ಮೆ, ಸರದಿಯಂತೆ ಒಬ್ಬೊಬ್ಬರ ಮನೆಯಲ್ಲಿ ಸಭೆ. ಪ್ರತಿ ಕೂಟದಲ್ಲಿ ಐವರಿಗೆ ಹೊಣೆ: ಅಧ್ಯಕ್ಷೆ, ಕಾರ್ಯದರ್ಶಿ, ಆರೋಗ್ಯ-ಶಿಕ್ಷಣಕ್ಕೊಬ್ಬರು, ದುಡಿಮೆಗೊಬ್ಬರು, ರಸ್ತೆ-ನೀರಿಗೊಬ್ಬರು. ಕೂಟಗಳೆಲ್ಲ ಸೇರಿ ವಾರ್ಡಿಗೊಂದು ಸಂಘ, ವಾರ್ಡುಗಳೆಲ್ಲ ಸೇರಿ ಪಂಚಾಯಿತಿಗೊಂದು. ಕೂಟದ ಚಿಕ್ಕ ಯೋಜನೆ ವಾರ್ಡಿಗೆ ಹೋಗಿ, ಅಲ್ಲಿಂದ ಪಂಚಾಯಿತಿಯ ಯೋಜನೆಯೊಳಗೆ ಸೇರಬೇಕು. ಅದಕ್ಕೂ ಮೊದಲೇ, ಜನರೇ ತಮ್ಮ ಊರಿನ ಯೋಜನೆ ಹಾಕುವ 1996ರ ಜನಕೀಯ ಯೋಜನೆಯಲ್ಲಿ ರಾಜ್ಯದ ಯೋಜನಾ ಹಣದ ಶೇ. 35ರಿಂದ 40ರಷ್ಟನ್ನು ಸ್ಥಳೀಯ ಸಂಸ್ಥೆಗಳ ಕೈಗೆ ಬಿಡಲು ತೀರ್ಮಾನವಾಗಿತ್ತು. ಸಭೆಯಲ್ಲಿ ಆಡಿದ ಮಾತಿಗೆ ಹಣದ ದಾರಿ ಇದ್ದರೆ ಜನ ಮುಂದಿನ ವಾರವೂ ಬರುತ್ತಾರೆ.

ನಮ್ಮ ಸ್ವಸಹಾಯ ಗುಂಪುಗಳ ಹುಟ್ಟು ಬೇರೆ. ಒಬ್ಬರನ್ನೊಬ್ಬರು ನಂಬುವವರು ತಾವೇ ಆರಿಸಿಕೊಂಡು ಕೂಡುವುದು ಅವುಗಳ ಮೂಲ. ಸಾಲ ವಸೂಲಿಗೆ ಅದು ಒಳ್ಳೆಯ ಪದ್ಧತಿ. ಆದರೆ ನಂಬುವವರು ಎಂದರೆ ಬಹಳ ಸಲ ಅದೇ ಓಣಿಯವರು, ಅದೇ ಜಾತಿಯವರು. ಎಲ್ಲರಿಗಿಂತ ಬಡವಳು, ಕಂತು ಕಟ್ಟಲಾರಳು ಎಂಬ ಅಂಜಿಕೆಗೆ ಹೊರಗೇ ಉಳಿಯುತ್ತಾಳೆ.

ಹಾಗಂತ ಕೇರಳದ ನಕ್ಷೆಯನ್ನು ಹಾಗೇ ತಂದು ಹಾಸಿದರೆ ನಡೆಯುವುದಿಲ್ಲ. ಅಲ್ಲಿ ಮನೆಗಳು ತೆಂಗಿನ ತೋಟಗಳ ನಡುವೆ ಚದುರಿವೆ. ಹತ್ತು ಮನೆ ಗೆರೆ ಎಳೆದರೆ ಹಲವು ಕಡೆ ಮೂರು ಬಗೆಯ ಜನ ಅದರೊಳಗೆ ಬರುತ್ತಾರೆ. ನಮ್ಮ ಹಳ್ಳಿಗಳಲ್ಲಿ ಮನೆಗೆ ಮನೆ ಅಂಟಿಕೊಂಡಿರುತ್ತದೆ, ಓಣಿಗೊಂದು ಜಾತಿ, ತಾಂಡಾ ಊರ ಹೊರಗೆ. ಇಲ್ಲಿ ನೆರೆಕೂಟ ಮಾಡಿದರೆ ಇರುವ ಗೋಡೆಗೇ ಸಿಮೆಂಟು ಹಾಕಿದಂತಾಗುತ್ತದೆ. ಅದಕ್ಕೇ ನಮಗೆ ಬೇಕಾದ ಅಳತೆ ಬೇರೆ: ಓಣಿಯಿಂದ ಇಬ್ಬರು, ಅವರಲ್ಲಿ ಒಬ್ಬಳು ಹೆಣ್ಣುಮಗಳು, ಅವರ ಕೆಲಸ ಮಾತ್ರ ಇನ್ನೊಂದು ಓಣಿಯಲ್ಲಿ.

ಓಣಿ ದಾಟಿ ದುಡಿಯುವುದು ನಮ್ಮವರಿಗೆ ಹೊಸತೇನಲ್ಲ. ಮೊಹರಂ ಬಂದರೆ ಅಲಾಯಿ ಕುಣಿ, ಅಂದರೆ ಬೆಂಕಿಯ ಗುಂಡಿ, ತೋಡುವವರು ಯಾರು, ಕಟ್ಟಿಗೆ ತರುವವರು ಯಾರು, ಹೆಜ್ಜೆ ಹಾಕುವವರು ಯಾರು ಎಂಬುದು ಎಷ್ಟೋ ಊರುಗಳಲ್ಲಿ ಮೊದಲೇ ಗೊತ್ತು. ಹಿಂದೂ-ಮುಸ್ಲಿಂ ಎರಡೂ ಮನೆಗಳ ಪಾಲು ಅದರಲ್ಲಿದೆ. ಆದರೆ ಹಲಗಿ ಬಾರಿಸುವ ಪಾಲು ತಲೆಮಾರುಗಳಿಂದ ಒಂದೇ ಕೇರಿಯ ಹೆಗಲ ಮೇಲಿದ್ದರೆ ಅದನ್ನು ಒಗ್ಗಟ್ಟು ಎನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ. ಪಾಲು ಹಂಚುವ ರೂಢಿ ಇರಲಿ, ಪಾಲು ಪ್ರತಿ ವರ್ಷ ಬದಲಾಗಲಿ.

ಶುರು ಮಾಡಲು ಯಾರೂ ಬೇಡ ಎನ್ನಲಾಗದ ಕೆಲಸ ಆರಿಸಬೇಕು. ನನ್ನ ಪ್ರಕಾರ ಹಾಸಿಗೆ ಹಿಡಿದವರ ಆರೈಕೆಗಿಂತ ಒಳ್ಳೆಯ ಆರಂಭವಿಲ್ಲ. ಕೇರಳದ ಮಲಪ್ಪುರಂ ಕಡೆ ಬೆಳೆದ, ವಾಸಿಯಾಗದ ರೋಗದವರ ನೋವು ತಗ್ಗಿಸುವ ಉಪಶಮನ ಆರೈಕೆಯ ಜಾಲದಲ್ಲಿ ವಾರಕ್ಕೆ ಕನಿಷ್ಠ 2 ತಾಸು ಕೊಡಬಲ್ಲವರನ್ನು ಕರೆದು 16 ತಾಸಿನ ಪಾಠ, ಆಮೇಲೆ 4 ದಿನ ರೋಗಿಗಳ ಬಳಿ ತರಬೇತಿ ಕೊಡುತ್ತಿದ್ದರು. 2008ರಲ್ಲಿ ಅಲ್ಲಿಯ ಸರಕಾರ ಇದಕ್ಕಾಗಿಯೇ ನೀತಿ ತಂದಿತು. ಕಲಿಯಬೇಕಾದದ್ದು ತೀರ ಬಿಡಿ ಕೆಲಸ. ಮೈ ಹೊರಳಿಸಲಾಗದವರನ್ನು 2 ತಾಸಿಗೊಮ್ಮೆ ಮಗ್ಗುಲು ಬದಲಿಸಬೇಕು. ಬೆನ್ನಿನ ಕೆಳಗೆ, ಹಿಮ್ಮಡಿಗೆ, ಸೊಂಟದ ಎಲುಬಿಗೆ ಕೆಂಪು ಬಿದ್ದಿದೆಯೇ ನೋಡಬೇಕು. ಬೆರಳಿಂದ ಒತ್ತಿ ಬಿಟ್ಟಾಗ ಕೆಂಪು ಮಾಸದಿದ್ದರೆ ಅಲ್ಲಿ ಹುಣ್ಣು ಶುರುವಾಗಿದೆ. ಹುಣ್ಣು ತೊಳೆಯಲು ಅರ್ಧ ಲೀಟರ್ ಕುದಿಸಿ ಆರಿಸಿದ ನೀರಿಗೆ ಒಂದು ಚಹಾ ಚಮಚ ಉಪ್ಪು ಸಾಕು. ಹಾಸಿಗೆಯ ಚಾದರ ಮಡಿಕೆ ಬೀಳದಂತೆ ಎಳೆದಿರಬೇಕು. ಆಶಾ ಕಾರ್ಯಕರ್ತೆಗೆ ಸುಮಾರು 1,000 ಜನರ ಹೊಣೆ. ಇಷ್ಟನ್ನೂ ಅವಳೊಬ್ಬಳೇ ಮಾಡಲಿ ಎನ್ನುವುದು ಅನ್ಯಾಯ. ಮೇಲಿನ ಓಣಿಯವಳು ಕೆಳಗಿನ ಓಣಿಯ ಮನೆಯಲ್ಲಿ ಕೂತು ಬೆನ್ನು ಒರೆಸಿ, ಅಲ್ಲೇ ಚಹಾ ಕುಡಿದು ಬರುವುದು ನೂರು ಐಕ್ಯತಾ ಭಾಷಣಗಳಿಗಿಂತ ದೊಡ್ಡ ಕೆಲಸ.

ಸಭೆ ಎಲ್ಲಿ ಎಂಬುದರಲ್ಲೇ ಅರ್ಧ ತೀರ್ಮಾನವಾಗಿರುತ್ತದೆ. ಗುಡಿ, ಮಸೀದಿ, ಗೌಡರ ವಾಡೆ ಮೂರೂ ಬೇಡ. ಯಾರಾದರೊಬ್ಬರು ಹೊಸ್ತಿಲ ಹೊರಗೆ ನಿಲ್ಲುತ್ತಾರೆ. ಶಾಲೆ ಅಥವಾ ಪಂಚಾಯಿತಿ ಗ್ರಂಥಾಲಯ ಸರಿ, ಎಲ್ಲರೂ ಒಂದೇ ಜಮಖಾನೆಯ ಮೇಲೆ. ದಿನವೂ ಮುಖ್ಯ: ಸಂತೆಯ ದಿನ ಇಟ್ಟರೆ ಯಾರೂ ಇರುವುದಿಲ್ಲ, ರೊಟ್ಟಿ ಬಡಿಯುವ ಹೊತ್ತಿಗೆ ಇಟ್ಟರೆ ಗಂಡಸರೇ ಇರುತ್ತಾರೆ. ಸೋಮವಾರ ಎತ್ತು ಹೂಡದ ಊರುಗಳಲ್ಲಿ ಸೋಮವಾರ ಇಳಿಹೊತ್ತು ಒಳ್ಳೆಯದು. ಕರೆ ವಾಟ್ಸಾಪಿನಲ್ಲಷ್ಟೇ ಸಾಲದು, ಡಂಗುರವೂ ಬೇಕು, ತಾಂಡಾಕ್ಕೆ ಲಂಬಾಣಿ ಆಡುವವರೇ ಹೋಗಿ ಹೇಳಬೇಕು. ಖಾನಾಪುರ, ನಿಪ್ಪಾಣಿ ಕಡೆ ನೋಟಿಸು ಕನ್ನಡದ ಜತೆ ಮರಾಠಿಯಲ್ಲೂ ಇರಲಿ. ಕನ್ನಡ ಬೆಳೆಯಲಿ ಎಂಬ ಆಸೆ ನನಗೂ ಇದೆ, ಆದರೆ ಹಾಸಿಗೆ ಹಿಡಿದವರ ಪಟ್ಟಿಯಲ್ಲಿ ಭಾಷೆಯ ಜಗಳ ತರಬಾರದು.

ಮುರಿಯುವುದು ಎರಡು ಕಡೆ. ಒಂದು ದುಡ್ಡು: ಮೊದಲ ಆರು ತಿಂಗಳು ದುಡ್ಡು ಕೂಡಿಸಲೇಬಾರದು. ಆಮೇಲೆ ಖಾತೆ ತೆರೆದರೂ ಮೂರು ಬೇರೆ ಬೇರೆ ಓಣಿಯವರ ಸಹಿ ಬೇಕು, ಪ್ರತಿ ಸಭೆಯಲ್ಲಿ ಲೆಕ್ಕ ಗಟ್ಟಿಯಾಗಿ ಓದಬೇಕು. ಎರಡನೆಯದು ಪಂಚಾಯಿತಿ ಚುನಾವಣೆ: ನಿಲ್ಲುವವರು ಹೆಸರು ಕೊಟ್ಟ ದಿನವೇ ಸಂಘದ ಹೊಣೆ ಬಿಡಬೇಕೆಂದು ಮೊದಲ ಸಭೆಯಲ್ಲೇ ಬರೆದಿಡಬೇಕು. ಈ ರೋಗ ಕೇರಳಕ್ಕೂ ತಪ್ಪಿಲ್ಲ, ಅಲ್ಲಿ ಕೂಟಗಳಿಗೆ ಪಕ್ಷದ ಬಣ್ಣ ಹತ್ತುತ್ತದೆ. ಹೊರ ರಾಜ್ಯದಿಂದ ಬಂದ ಕೂಲಿಕಾರರು ಹೆಚ್ಚಾಗಿ ನೆರೆಕೂಟದ ಹೊರಗೇ ಉಳಿಯುತ್ತಾರೆ.

ಕೃಷ್ಣಾ, ಘಟಪ್ರಭಾ, ಮಲಪ್ರಭಾ ದಂಡೆಯ ಊರುಗಳಿಗೆ ಇದೇ ಜಾಲ ಇನ್ನೊಂದಕ್ಕೂ ಬೇಕು. 2019ರ ಆಗಸ್ಟ್ ಮಹಾಪೂರದ ಹಾಗೆ ನೀರು ಏರಿದಾಗ ನಡೆಯಲಾರದವರು, ಬಸುರಿ-ಬಾಣಂತಿಯರು ಯಾವ ಮನೆಯಲ್ಲಿದ್ದಾರೆ, ಯಾರು ಎತ್ತಿಕೊಂಡು ಹೋಗುವವರು, ಯಾವ ಟ್ರ್ಯಾಕ್ಟರ್, ಮಾಲೀಕರು ಊರಲ್ಲಿಲ್ಲದಿದ್ದರೆ ಅದರ ಚಾವಿ ಯಾರ ಬಳಿ ಎಂಬುದು ಒಂದೇ ಹಾಳೆಯಲ್ಲಿರಬೇಕು. ಆ ಹಾಳೆಯನ್ನು ಪ್ರತಿ ಮೇ ತಿಂಗಳು ಹೊಸದಾಗಿ ಬರೆಯಬೇಕು, ಏಕೆಂದರೆ ವರ್ಷದಲ್ಲಿ ಕೆಲವರು ತೀರಿರುತ್ತಾರೆ, ಕೆಲವರು ಗೋವಾಕ್ಕೆ ದುಡಿಯಲು ಹೋಗಿರುತ್ತಾರೆ. ಒಂದು ಪ್ರತಿ ಪಂಚಾಯಿತಿಯ ಅಧಿಕಾರಿ ಪಿಡಿಒ ಬಳಿ, ಒಂದು ಆಶಾ ಬಳಿ, ಒಂದು ಊರಿನ ಎತ್ತರದ ಜಾಗದಲ್ಲಿರುವ ಯಾವುದಾದರೂ ಮನೆಯಲ್ಲಿ, ಪ್ಲಾಸ್ಟಿಕ್ ಚೀಲದೊಳಗೆ.