ಬ್ರೇಕ್ ಲೈಟ್ ಒಂದ್ಸಲ ನೋಡೋಕೆ ಏನಾಗಿತ್ತು ನಿಮಗೆ?

ನನ್ನದು ಆಟೋಮ್ಯಾಟಿಕ್ ಕಾರು. ಕೀ ತಿರುಗಿಸಿದೆ, ಎಂಜಿನ್ ಸ್ಟಾರ್ಟ್ ಆಯಿತು. ಬ್ರೇಕ್ ತುಳಿದು ಗೇರ್ ಲಿವರ್ ಎಳೆದರೆ ಜಪ್ಪಯ್ಯ ಅಂದರೂ ಪಿ (ಪಾರ್ಕಿಂಗ್) ಬಿಟ್ಟು ಕದಲಲಿಲ್ಲ. ಎರಡನೇ ಸಲ, ಮೂರನೇ ಸಲ, ಊಹೂಂ. ಗ್ಯಾರೇಜಿಗೆ ಫೋನ್ ಮಾಡಿದೆ. ಹುಡುಗ ಬಂದ. ಲಿವರ್ ಪಕ್ಕದ ಪುಟ್ಟ ಮುಚ್ಚಳ ಎಬ್ಬಿಸಿ, ಒಳಗೆ ಸ್ಕ್ರೂಡ್ರೈವರ್ ಒತ್ತಿ, ಶಿಫ್ಟ್ ಲಾಕ್ (ಬ್ರೇಕ್ ತುಳಿಯದೆ ಲಿವರ್ ಪಿ ಬಿಟ್ಟು ಬರದಂತೆ ಹಿಡಿದಿಡುವ ಬೀಗ) ಬಿಡಿಸಿ ಗಾಡಿ ತೆಗೆದುಕೊಂಡು ಹೋದ. ಸರಿ.

ಸಂಜೆ ತೀರ್ಪು ಬಂತು. 'ಸ್ಕ್ಯಾನರ್ ಹಾಕಿದ್ವಿ, ತೊಂದರೆ ತೋರಿಸೋ ಯಾವ ಕೋಡೂ ಇಲ್ಲ. ಲಿವರ್ ಅಸೆಂಬ್ಲಿ ಪೂರ್ತಿ ಬದಲಾಯಿಸಬೇಕು ಸಾರ್.' ಕೋಡ್ ಇಲ್ಲ ಅಂದರೆ ಪೂರ್ತಿ ಬದಲಾಯಿಸಬೇಕಾ? ಇದ್ಯಾವ ಲೆಕ್ಕ! ಆದರೂ ನಂಬಿದೆ. ಬದಲಾಯಿಸಿದರು. ಎರಡು ದಿನ ಓಡಿತು. ಮೂರನೇ ದಿನ ಮತ್ತೆ ಅದೇ ಕಥೆ.

ಸಿಟ್ಟಿನಲ್ಲಿ ಬ್ರೇಕ್ ತುಳಿದುಕೊಂಡೇ ಕೂತಿದ್ದೆ. ಹಿಂದೆ ನಿಂತಿದ್ದ ಪಕ್ಕದ ಮನೆಯವರು ಕೇಳಿದರು, 'ಬ್ರೇಕ್ ತುಳಿದಿದ್ದೀರಾ? ಲೈಟೇ ಹತ್ತಿಲ್ವಲ್ಲ?'

ಅಷ್ಟೇ ಕಣ್ರೀ. ಅಷ್ಟೇ ಇದ್ದದ್ದು.

ಬ್ರೇಕ್ ಪೆಡಲ್ ಮೇಲ್ಗಡೆ ಹೆಬ್ಬೆರಳು ಗಾತ್ರದ ಒಂದು ಸ್ವಿಚ್ ಇರುತ್ತದೆ. ತುಳಿದಾಗ ಹಿಂದಿನ ಕೆಂಪು ದೀಪ ಹತ್ತುವುದು ಅದರಿಂದ. ಬ್ರೇಕ್ ತುಳಿದಿದ್ದಾರೆ ಅಂತ ಶಿಫ್ಟ್ ಲಾಕಿಗೆ ಸುದ್ದಿ ಮುಟ್ಟುವುದೂ ಅದರಿಂದಲೇ. ಸುದ್ದಿ ಮುಟ್ಟಿದರೆ ಲಿವರ್ ಬುಡದ ಸೊಲೆನಾಯ್ಡ್, ಅಂದರೆ ಕರೆಂಟಿನಿಂದ ಎಳೆಯುವ ಪುಟ್ಟ ಅಯಸ್ಕಾಂತ, ಟಕ್ ಅಂದು ಕೊಕ್ಕೆ ಬಿಡಿಸುತ್ತದೆ. ನನ್ನ ಗಾಡಿಯ ಸ್ವಿಚ್ ಒಳಗೆ ಕಪ್ಪಗೆ ಸುಟ್ಟಿತ್ತು. ಒಮ್ಮೆ ತಾಗುತ್ತಿತ್ತು, ಒಮ್ಮೆ ಇಲ್ಲ. ಹೊಸ ಲಿವರ್ ಹಾಕಿದರೇನು, ಬಂಗಾರದ ಲಿವರ್ ಹಾಕಿದರೇನು, ಸುದ್ದಿಯೇ ಬರದಿದ್ದರೆ ಅದು ಯಾಕೆ ಬಿಡುತ್ತೆ?

ಪರೀಕ್ಷೆಗೆ ಎರಡು ನಿಮಿಷ ಬೇಕಿಲ್ಲ. ಎಂಜಿನ್ ಸದ್ದು ಬೇಡ, ಕೀ ಆನ್‌ಗೆ ತಿರುಗಿಸಿ ಬ್ರೇಕ್ ತುಳಿಯಿರಿ. ಹಿಂದೆ ದೀಪ ಹತ್ತಲಿಲ್ಲವಾ? ಸ್ವಿಚ್ ಇಲ್ಲವೇ ಫ್ಯೂಸ್ ಮೊದಲು ನೋಡಿ. ದೀಪ ಹತ್ತಿತು, ಟಕ್ ಶಬ್ದ ಬರಲಿಲ್ಲವಾ? ಆಗ ಸೊಲೆನಾಯ್ಡ್, ಅದರ ವೈರು. ಶಬ್ದವೂ ಬಂದು ಲಿವರ್ ಸಿಕ್ಕಿಕೊಂಡರೆ ಮಾತ್ರ ಲಿವರ್ ಬುಡಕ್ಕೆ ಕೈ ಹಾಕಿ. ಅಲ್ಲಿಯೂ ಎಷ್ಟೋ ಸಲ ಯಾರೋ ಚೆಲ್ಲಿದ ಜ್ಯೂಸ್ ಅಂಟಿಕೊಂಡಿರುತ್ತದೆ. ಇವರು ನೇರವಾಗಿ ಕೊನೆಯಿಂದ ಶುರು ಮಾಡಿದರು, ಬಿಲ್ ಅಲ್ಲೇ ತಾನೆ ದೊಡ್ಡದು.

ದುಡ್ಡು ಹೋಯಿತು, ಹಾಳಾಗಲಿ. ನನಗೆ ಹೊಟ್ಟೆ ಉರಿಯುವುದು ಬೇರೆಯದಕ್ಕೆ. ಆ ಎರಡು ದಿನ ಬ್ರೇಕ್ ಲೈಟ್ ಎಷ್ಟು ಸಲ ಕೈಕೊಟ್ಟಿತ್ತೋ ಯಾರಿಗೆ ಗೊತ್ತು? ನಾನು ಬ್ರೇಕ್ ಹಾಕಿದ್ದು ಹಿಂದಿನವರಿಗೆ ಗೊತ್ತೇ ಆಗಿರಲ್ಲ. ಹಿಂದಿನ ಸೀಟಿನಲ್ಲಿ ಮಗು ಕೂತಿತ್ತು ಸ್ವಾಮಿ! ಪಾಪ, ಶಿಫ್ಟ್ ಲಾಕ್ ಕೆಟ್ಟೇ ಇರಲಿಲ್ಲ. ಬ್ರೇಕ್ ಸ್ವಿಚ್ ಸತ್ತಿದೆ ಅಂತ ಅದು ಮೊದಲ ದಿನವೇ ಅಡ್ಡ ನಿಂತು ಹೇಳಿತ್ತು. ಇವರು ಸ್ಕ್ರೂಡ್ರೈವರ್ ಹಾಕಿ ಅದರ ಬಾಯಿ ಮುಚ್ಚಿಸಿದರು.

ಸ್ವಿಚ್ ಬದಲಾಯಿಸಲು ಹತ್ತು ನಿಮಿಷ ಹಿಡಿಯಿತು. ಚೆನ್ನಾಗಿದ್ದ ನನ್ನ ಹಳೇ ಲಿವರ್ ವಾಪಸ್ ಕೊಡಿ ಅಂತ ಕೇಳಿದೆ. ಗುಜರಿಗೆ ಹಾಕಿಬಿಟ್ಟರಂತೆ.